ಶಾಕ್ ಬಿದ್ದ ತಾಮ್ರ: ಒತ್ತಿದರೆ ರೆಸಿಸ್ಟೆನ್ಸ್ ಇಳಿಯಬೇಕಲ್ವಾ, ಏರಿದ್ದು ಯಾಕೆ?

ಕುಡ್ಲದ_ಪಿಜಿ

ನಮಸ್ಕಾರ. ನಾನು ಮಂಗಳೂರಿನಲ್ಲಿ ಎಂಎಸ್ಸಿ ಫಿಸಿಕ್ಸ್ ಎರಡನೇ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟ್ ವಿಷಯ ಶಾಕ್ ವೇವ್‌ನಲ್ಲಿ (ಜೋರು ಏಟಿಗೆ ಹುಟ್ಟಿ ಲೋಹದೊಳಗೆ ಓಡುವ ಒತ್ತಡದ ಅಲೆ) ಸಿಕ್ಕಿದ ಲೋಹದ ವಿದ್ಯುತ್ ಮತ್ತು ಬೆಳಕಿನ ಗುಣಗಳು. ತಟ್ಟೆ ಹಾರಿಸಿ ಲೋಹಕ್ಕೆ ಹೊಡೆಯುವ ಗನ್ ನಮ್ಮಲ್ಲಿ ಇಲ್ಲ, ಬರೀ ಓದು ಮತ್ತು ಲೆಕ್ಕ. ಸರ್ ಅಭ್ಯಾಸಕ್ಕೆ ಅಂತ ಒಂದು ಲೆಕ್ಕ ಕೊಟ್ಟಿದ್ದಾರೆ, ಅದರಲ್ಲಿ ಮೂರು ದಿನದಿಂದ ಸಿಕ್ಕಿಬಿದ್ದಿದ್ದೇನೆ.

ಲೆಕ್ಕ ಹೀಗಿದೆ. ತಾಮ್ರದ ಒಂದು ಫಾಯಿಲ್. 25 ಮೈಕ್ರಾನ್ ದಪ್ಪ, 1 ಮಿಲಿಮೀಟರ್ ಅಗಲ, 10 ಮಿಲಿಮೀಟರ್ ಉದ್ದ. ಎರಡು ತಾಮ್ರದ ತಟ್ಟೆಗಳ ನಡುವೆ ತೆಳು ಇನ್ಸುಲೇಟರ್ ಹಾಕಿ ಅದನ್ನು ಕೂರಿಸಿದ್ದಾರೆ. ಸೆಕೆಂಡಿಗೆ 2 ಕಿಲೋಮೀಟರ್ ವೇಗದಲ್ಲಿ ಇನ್ನೊಂದು ತಾಮ್ರದ ತಟ್ಟೆ ಬಂದು ಹೊಡೆಯುತ್ತದೆ. ಫಾಯಿಲ್‌ನಲ್ಲಿ 50 ಆಂಪಿಯರ್ ಹರಿಯುತ್ತಿದೆ. ಶಾಕ್ ಬರುವ ಮೊದಲು ವೋಲ್ಟೇಜ್ 340 ಮಿಲಿವೋಲ್ಟ್, ಬಂದ ಮೇಲೆ 510. ರೆಸಿಸ್ಟಿವಿಟಿ (ತುಂಡಿನ ಅಳತೆ ಬಿಟ್ಟು ಲೋಹದ್ದೇ ಆದ ತಡೆ) ಎಷ್ಟಾಯಿತು, ಯಾಕೆ ಅಂತ ವಿವರಿಸಬೇಕು.

ಒತ್ತಡ ಹಾಕಿದರೆ ಲೋಹದ ರೆಸಿಸ್ಟೆನ್ಸ್ ಇಳಿಯುತ್ತದೆ ಅಂತ ಓದಿದ್ದೆ. ಇಲ್ಲಿ ಒಂದೂವರೆ ಪಟ್ಟು ಏರಿದೆ! ಬಿಸಿಯಾಗಿದ್ದಕ್ಕೆ ಅಂತ ಸುಮ್ನೆ ಬರೆದು ಬಿಡಲಾ? ಇನ್ನೊಂದು ಪ್ರಶ್ನೆಯೂ ಇದೆ. ಅದೇ ತಾಮ್ರದ ಮೇಲೆ ಲೇಸರ್ ಬಿಟ್ಟು ರಿಫ್ಲೆಕ್ಟಿವಿಟಿ ಅಳೆದು, ಡ್ರೂಡ್ ಸೂತ್ರದಿಂದ (ಎಲೆಕ್ಟ್ರಾನ್ ಓಡುತ್ತಾ ಎಡವುತ್ತದೆ ಅನ್ನುವ ಸರಳ ಮಾದರಿ) ಕಂಡಕ್ಟಿವಿಟಿ ತೆಗೆದರೆ ಇದೇ ಉತ್ತರ ಬರಬೇಕಲ್ವಾ? ಬೇಗ ಹೇಳಿ ಮಾರಾಯ್ರೆ, ಸೋಮವಾರ ತೋರಿಸಬೇಕು.

ಮಲ್ಪೆ_ಗಾಳಿ

ಕೆಲವು ವರ್ಷ ಇಂಥ ಗನ್ ಇರುವ ಲ್ಯಾಬ್‌ನಲ್ಲಿ ಕೆಲಸ ಮಾಡಿದ್ದೆ, ಈಗ ಊರಿಗೆ ಬಂದು ಬೇರೆ ಉದ್ಯೋಗ. ಆದರೂ ಈ ಪ್ರಶ್ನೆ ನೋಡಿ ಕೈ ಸುಮ್ಮನಿರಲಿಲ್ಲ.

ಮೊದಲು ಒತ್ತಡ ಎಷ್ಟು ಅಂತ ನೋಡಿ. ಪರ್ಯಾಯದ ರಾತ್ರಿ ಉಡುಪಿ ರಥಬೀದಿಯಲ್ಲಿ ನಿಂತಿದ್ದೀರಾ? ಹಿಂದಿನಿಂದ ಒಬ್ಬ ನೂಕುತ್ತಾನೆ. ನೀವು ಅರ್ಧ ಹೆಜ್ಜೆ ಮುಂದೆ ಹೋಗುತ್ತೀರಿ ಅಷ್ಟೆ, ಆದರೆ ಆ ನೂಕು ನಿಮ್ಮನ್ನು ದಾಟಿ ಎದುರಿನ ಬ್ಯಾರಿಕೇಡ್ ಹತ್ತಿರ ನಿಂತವನಿಗೆ ಆಗಲೇ ತಲುಪಿರುತ್ತದೆ. ನೀವು ಸರಿದ ವೇಗ ಕಣದ ವೇಗ, ನೂಕು ಓಡಿದ ವೇಗ ಶಾಕ್ ವೇಗ. ಎರಡೂ ಬೇರೆ ಬೇರೆ. ತಾಮ್ರಕ್ಕೆ ತಾಮ್ರವೇ ಹೊಡೆದರೆ ಕಣದ ವೇಗ ಬಂದ ವೇಗದ ಅರ್ಧ, ಅಂದರೆ ಇಲ್ಲಿ ಸೆಕೆಂಡಿಗೆ 1 ಕಿಲೋಮೀಟರ್. ತಾಮ್ರದಲ್ಲಿ ಶಾಕ್ ವೇಗ ಅಂದರೆ 3.94ಕ್ಕೆ ಕಣದ ವೇಗದ 1.489 ಪಟ್ಟು ಕೂಡಿಸಿದ್ದು, ಅಂದರೆ ಸೆಕೆಂಡಿಗೆ ಸುಮಾರು 5.43 ಕಿಲೋಮೀಟರ್. ಒತ್ತಡ ಬೇಕಾದರೆ ಸಾಂದ್ರತೆ, ಶಾಕ್ ವೇಗ, ಕಣದ ವೇಗ ಮೂರನ್ನೂ ಗುಣಿಸಿ. 8.93 ಗುಣಿಸು 5.43 ಗುಣಿಸು 1. ಉತ್ತರ 48.5 ಗಿಗಾಪಾಸ್ಕಲ್, ಹೆಚ್ಚುಕಡಿಮೆ ಐದು ಲಕ್ಷ ವಾತಾವರಣದ ಒತ್ತಡ.

ಈಗ ನಿಮ್ಮ ತಪ್ಪಿಗೆ ಬರೋಣ. ಎಲ್ಲರೂ ಇಲ್ಲೇ ಜಾರುವುದು, ನಾನೂ ಜಾರಿದ್ದೆ. ಸಾಂದ್ರತೆ ಎಷ್ಟು ಪಟ್ಟು ಹೆಚ್ಚಿತು? ಶಾಕ್ ವೇಗವನ್ನು, ಶಾಕ್ ವೇಗದಿಂದ ಕಣದ ವೇಗ ಕಳೆದು ಬಂದದ್ದರಿಂದ ಭಾಗಿಸಿ. 5.43 ಭಾಗಿಸು 4.43, ಅಂದರೆ 1.226. ಆದರೆ ಶಾಕ್ ಒತ್ತುವುದು ಒಂದೇ ದಿಕ್ಕಿನಲ್ಲಿ. ಫಾಯಿಲ್‌ನ ಉದ್ದ ಅಷ್ಟೇ, ಅಗಲ ಅಷ್ಟೇ, ದಪ್ಪ ಮಾತ್ರ 25 ಮೈಕ್ರಾನ್‌ನಿಂದ 20.4ಕ್ಕೆ ಇಳಿಯುತ್ತದೆ. ದಪ್ಪ ಇಳಿದರೆ ಕರೆಂಟ್ ಹರಿಯುವ ಜಾಗ ಕಿರಿದಾಯಿತು. ಹಾಗಾಗಿ ರೆಸಿಸ್ಟಿವಿಟಿ ಒಂದು ಚೂರೂ ಬದಲಾಗದಿದ್ದರೂ ರೆಸಿಸ್ಟೆನ್ಸ್ 22.6 ಶೇಕಡಾ ಏರಲೇಬೇಕು. ನಿಮ್ಮ 340 ಮಿಲಿವೋಲ್ಟ್ ಏನೂ ಮಾಡದೆಯೇ 417 ಆಗುತ್ತದೆ. ಉಳಿದ ಏರಿಕೆ ಮಾತ್ರ ತಾಮ್ರದ್ದು. ನೀವು ಓದಿದ 'ಒತ್ತಡಕ್ಕೆ ಇಳಿಯುತ್ತದೆ' ಅನ್ನುವುದು ಎಣ್ಣೆಯಲ್ಲಿ ಮುಳುಗಿಸಿ ಎಲ್ಲಾ ಕಡೆಯಿಂದ ನಿಧಾನ ಒತ್ತಿದ ತಂತಿಯ ಕಥೆ, ಅಲ್ಲಿ ಬಿಸಿಯೂ ಆಗುವುದಿಲ್ಲ.

ಆ ಉಳಿದ ಭಾಗದಲ್ಲಿ ಮೂರು ಜನ ಹಗ್ಗ ಎಳೆಯುತ್ತಾರೆ. ಒತ್ತಡಕ್ಕೆ ಲ್ಯಾಟಿಸ್, ಅಂದರೆ ಪರಮಾಣುಗಳ ಜೋಡಣೆ, ಗಟ್ಟಿಯಾಗುತ್ತದೆ, ಪರಮಾಣುಗಳ ನಡುಕ ಕಡಿಮೆ, ಎಲೆಕ್ಟ್ರಾನ್ ಎಡವುವುದು ಕಡಿಮೆ, ರೆಸಿಸ್ಟಿವಿಟಿ ಇಳಿಯುತ್ತದೆ. ಶಾಕ್‌ನಿಂದ ಬಿಸಿಯಾಗುತ್ತದೆ, ಅದಕ್ಕೆ ಏರುತ್ತದೆ. ತಾಮ್ರಕ್ಕೆ ರೂಮಿನ ತಾಪದ ಹತ್ತಿರ ಒಂದು ಡಿಗ್ರಿಗೆ ಸುಮಾರು 0.39 ಶೇಕಡಾ. ಮೂರನೆಯವನನ್ನು ಎಲ್ಲರೂ ಮರೆಯುತ್ತಾರೆ. ನ್ಯಾನೋಸೆಕೆಂಡುಗಳಲ್ಲಿ ಲೋಹವನ್ನು ಹೀಗೆ ಚಚ್ಚಿದರೆ ಒಳಗೆ ಖಾಲಿ ಜಾಗಗಳು, ಡಿಸ್‌ಲೊಕೇಶನ್‌ಗಳು (ಪರಮಾಣುಗಳ ಸಾಲು ತಪ್ಪಿದ ಜಾಗಗಳು) ರಾಶಿ ಬೀಳುತ್ತವೆ. ಎಲೆಕ್ಟ್ರಾನ್ ಅವಕ್ಕೂ ಎಡವುತ್ತದೆ. 1975ರಲ್ಲಿ ಡಿಕ್ ಮತ್ತು ಸ್ಟೈರಿಸ್ ಬೆಳ್ಳಿಯ ಫಾಯಿಲ್‌ಗಳಿಗೆ ಶಾಕ್ ಕೊಟ್ಟು ಅಳೆದಾಗ ಒತ್ತಡ, ತಾಪ ಎರಡರ ಲೆಕ್ಕ ಕಳೆದ ಮೇಲೂ ರೆಸಿಸ್ಟಿವಿಟಿ ಜಾಸ್ತಿ ಉಳಿಯಿತು. ಅದನ್ನು ಅವರು ಈ ದೋಷಗಳ ಖಾತೆಗೆ ಹಾಕಿದರು. ಹಾಗಾಗಿ 'ಬಿಸಿಯಾಗಿದ್ದಕ್ಕೆ' ಅಂತ ಮಾತ್ರ ಬರೆದರೆ ನಿಮ್ಮ ಸರ್ ಬಿಡುವುದಿಲ್ಲ.

ಇನ್ನೊಂದು ಸಣ್ಣ ಮಾತು. ತೆಳು ಇನ್ಸುಲೇಟರ್ ನಡುವೆ ಕೂತ ಫಾಯಿಲ್‌ಗೆ 48.5 ಒಂದೇ ಏಟಿಗೆ ಬರುವುದಿಲ್ಲ. ಶಾಕ್ ಆಚೆ ಈಚೆ ಬಡಿದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಒಂದು ಸಲ ಫಾಯಿಲ್ ದಾಟಲು ಸುಮಾರು 5 ನ್ಯಾನೋಸೆಕೆಂಡ್. ಹೀಗೆ ಮೆಟ್ಟಿಲು ಹತ್ತಿದರೆ ಒಂದೇ ಏಟಿನಷ್ಟು ಬಿಸಿಯಾಗುವುದಿಲ್ಲ. ಬೆಳಕಿನ ಪ್ರಶ್ನೆಗೆ ರಾತ್ರಿ ಬರೆಯುತ್ತೇನೆ, ಈಗ ಮಳೆ ಜೋರಾಗಿದೆ, ಕರೆಂಟ್ ಹೋಗುವ ಲಕ್ಷಣ.

ಸೋಲ್ಡರ್_ಮಾಮ

ಫಿಸಿಕ್ಸ್ ಮೇಲಿನವರು ಹೇಳಿದರು. ನಾನು ಎಲೆಕ್ಟ್ರಾನಿಕ್ಸ್‌ನವ, ಸುರತ್ಕಲ್ ಕಡೆ. ಆ 340 ಮಿಲಿವೋಲ್ಟ್ ಹೇಗೆ ಬರುತ್ತದೆ ಅಂತ ಹೇಳುತ್ತೇನೆ. ಪುಸ್ತಕದಲ್ಲಿ ಒಂದು ಸಾಲು, ಬೆಂಚ್ ಮೇಲೆ ಆರು ತಿಂಗಳು.

ನಿಮ್ಮ ಫಾಯಿಲ್ 6.8 ಮಿಲಿಓಮ್. ಎರಡು ವೈರ್ ಹಾಕಿ ಅಳೆದರೆ ಸೋಲ್ಡರ್ ಜಾಯಿಂಟ್ ಅದಕ್ಕಿಂತ ಜಾಸ್ತಿ ಇರುತ್ತದೆ. ಹಾಗಾಗಿ ನಾಲ್ಕು ವೈರ್. ಎರಡರಲ್ಲಿ ಕರೆಂಟ್, ಎರಡರಲ್ಲಿ ವೋಲ್ಟೇಜ್. ವೋಲ್ಟೇಜ್ ಕಾಲುಗಳನ್ನು ಬೇರೆ ಲೋಹದಲ್ಲಿ ಅಂಟಿಸಬೇಡಿ. ಅದೇ ತಾಮ್ರದ ಹಾಳೆಯಿಂದ ನಾಲ್ಕು ಕಾಲಿನ ಏಡಿಯ ಹಾಗೆ ಒಂದೇ ತುಂಡಾಗಿ ಕೊರೆದು ತೆಗೆಯಬೇಕು. ಬೇರೆ ಲೋಹ ಸೇರಿದ ಜಾಗಕ್ಕೆ ಶಾಕ್ ಬಿದ್ದರೆ ಅಲ್ಲೇ ಒಂದು ವೋಲ್ಟೇಜ್ ಹುಟ್ಟುತ್ತದೆ, ಅದನ್ನು ನೀವು ರೆಸಿಸ್ಟೆನ್ಸ್ ಅಂತ ಓದುತ್ತೀರಿ. ಜಾಯಿಂಟ್ ಎಲ್ಲಾ ಶಾಕ್ ತಲುಪದ ದೂರದಲ್ಲಿರಲಿ.

50 ಆಂಪಿಯರ್ ಹರಿಸಿದರೆ ಫಾಯಿಲ್ ಸುಡುವುದಿಲ್ವಾ ಅಂತ ಕೇಳಬಹುದು. 17 ವ್ಯಾಟ್. ಫಾಯಿಲ್ ತೂಕ ಬರೀ 2.2 ಮಿಲಿಗ್ರಾಂ. ಸುಮ್ನೆ ಬಿಟ್ಟರೆ ಒಂದು ಸೆಕೆಂಡಲ್ಲಿ ಕತೆ ಮುಗಿಯುತ್ತದೆ. ಅದಕ್ಕೇ ಕೆಪಾಸಿಟರ್‌ನಿಂದ 50 ಮೈಕ್ರೋಸೆಕೆಂಡಿಗೆ ಮಾತ್ರ ಕರೆಂಟ್ ಬಿಡುವುದು, ಆಗ ಏರುವುದು ಒಂದು ಡಿಗ್ರಿ. ಶಾಕ್ ಆ 50ರ ಒಳಗೆ ಬಂದು ಬೀಳಬೇಕು. ಅಳೆಯಲು ಸಿಗುವುದು ಅದರಲ್ಲೂ ಒಂದು ಮೈಕ್ರೋಸೆಕೆಂಡಿಗಿಂತ ಕಡಿಮೆ.

ಇಂಡಕ್ಟೆನ್ಸ್ (ಕರೆಂಟ್ ಬದಲಾದಾಗ ವೈರ್‌ನಲ್ಲೇ ವೋಲ್ಟೇಜ್ ಹುಟ್ಟುವುದು) ಮರೆತರೆ ಎಲ್ಲಾ ಹೋಯಿತು. ವೋಲ್ಟೇಜ್ ವೈರ್‌ಗಳ ನಡುವೆ ಸಣ್ಣ ಜಾಗ ಬಿಟ್ಟರೂ 10 ನ್ಯಾನೋಹೆನ್ರಿ ಬಂತು ಅಂದುಕೊಳ್ಳಿ. ಕರೆಂಟ್ ಮೈಕ್ರೋಸೆಕೆಂಡಿಗೆ 1 ಆಂಪಿಯರ್ ಅಲ್ಲಾಡಿದರೂ 10 ಮಿಲಿವೋಲ್ಟ್ ಸುಳ್ಳು ಸೇರಿತು. ನಿಮ್ಮ ಸಿಗ್ನಲ್‌ನ 3 ಶೇಕಡಾ. ಜೊತೆಗೆ ಸ್ಕಿನ್ ಎಫೆಕ್ಟ್, ಅಂದರೆ ಬೇಗ ಬದಲಾಗುವ ಕರೆಂಟ್ ಮೊದಲು ಲೋಹದ ಮೇಲ್ಮೈಯಲ್ಲೇ ಹರಿಯುವುದು. 25 ಮೈಕ್ರಾನ್ ತಾಮ್ರದಲ್ಲಿ ಕರೆಂಟ್ ಮತ್ತೆ ಸಮನಾಗಿ ಹಂಚಿಕೊಳ್ಳಲು ಕೆಲವು ನ್ಯಾನೋಸೆಕೆಂಡ್ ಬೇಕು. ಮಲ್ಪೆಯವರು ಹೇಳಿದ ಮೆಟ್ಟಿಲೂ ಅಷ್ಟೇ ಹೊತ್ತಿನದು. ಹಾಗಾಗಿ ಮೊದಲ ಕೆಲವು ಹತ್ತು ನ್ಯಾನೋಸೆಕೆಂಡ್‌ನ ಗೆರೆ ಎಷ್ಟೇ ಚಂದ ಕಂಡರೂ ನಂಬಬೇಡಿ, ಗೆರೆ ಸಪಾಟಾದ ಮೇಲಿನದನ್ನು ಓದಿ.

ನನ್ನದೊಂದು ಪಾಡು ಕೇಳಿ. ಎಲ್ಲಿ ಅಂತ ಹೇಳುವುದಿಲ್ಲ. ಎರಡು ವಾರ ಕೂತು ಒಂದು ಟಾರ್ಗೆಟ್ (ಏಟು ತಿನ್ನುವ ಜೋಡಣೆ) ಕಟ್ಟಿದ್ದೆವು. ವೋಲ್ಟೇಜ್ ಗೆರೆ ಬರೆಯುವ ಸ್ಕೋಪ್‌ನ ಟ್ರಿಗರ್ ಮಟ್ಟ (ರೆಕಾರ್ಡ್ ಶುರುವಾಗುವ ವೋಲ್ಟೇಜ್) ಸ್ವಲ್ಪ ಕೆಳಗೆ ಇಟ್ಟಿದ್ದೆ, ಸಿಗ್ನಲ್ ತಪ್ಪಬಾರದು ಅಂತ. ಶಾಟ್‌ಗೆ ಎರಡು ನಿಮಿಷ ಮೊದಲು ಪಕ್ಕದ ರೂಮಿನ ಫ್ರಿಡ್ಜ್ ಟಕ್ ಅಂತ ಆನ್ ಆಯಿತು. ಸ್ಕೋಪ್ ಅದನ್ನೇ ಶಾಕ್ ಅಂದುಕೊಂಡು ರೆಕಾರ್ಡ್ ಮಾಡಿ ನಿಂತುಬಿಟ್ಟಿತು. ಯಾರೂ ನೋಡಲಿಲ್ಲ. ಗನ್ ಹೊಡೆಯಿತು, ಟಾರ್ಗೆಟ್ ಪುಡಿ, ಸ್ಕ್ರೀನಿನಲ್ಲಿ ಫ್ರಿಡ್ಜ್‌ನ ಚಂದದ ಗೆರೆ. ಆ ದಿನ ಊಟ ಸೇರಲಿಲ್ಲ ಮಾರಾಯ್ರೆ.

ಕುಡ್ಲದ_ಪಿಜಿ

ಅಯ್ಯೋ ಫ್ರಿಡ್ಜ್ 😂 ಇಬ್ಬರಿಗೂ ಥ್ಯಾಂಕ್ಸ್. ದಪ್ಪ ಇಳಿಯುವುದು ತಲೆಗೇ ಬಂದಿರಲಿಲ್ಲ. 510 ಭಾಗಿಸು 340 ಅಂದರೆ 1.5, ಅದನ್ನು 1.226ರಿಂದ ಭಾಗಿಸಿದರೆ 1.22. ಅಂದರೆ ರೆಸಿಸ್ಟಿವಿಟಿ ಏರಿದ್ದು ಬರೀ 22 ಶೇಕಡಾ. ಡಿಗ್ರಿಗೆ 0.39 ಅಂತ ಹಿಡಿದರೆ ತಾಪ 57 ಡಿಗ್ರಿ ಏರಿತು, ಸರಿನಾ?

ಒಂದು ಡೌಟು. ರೆಸಿಸ್ಟೆನ್ಸ್ ಹೀಗೆಲ್ಲಾ ಕುಣಿಯುವುದಾದರೆ ಮ್ಯಾಂಗನಿನ್ ತಂತಿಯನ್ನು ಪ್ರೆಶರ್ ಗೇಜ್ ಅಂತ ಹೇಗೆ ಬಳಸುತ್ತಾರೆ?

ಸೋಲ್ಡರ್_ಮಾಮ

ಮ್ಯಾಂಗನಿನ್ ಅಂದರೆ ತಾಮ್ರ, ಮ್ಯಾಂಗನೀಸ್, ನಿಕಲ್ ಸೇರಿದ ಮಿಶ್ರಲೋಹ. ಅದರ ಗುಟ್ಟೇ ತಾಪಕ್ಕೆ ಹೆಚ್ಚುಕಡಿಮೆ ಬಗ್ಗದಿರುವುದು. ಹಗ್ಗ ಎಳೆಯುವವರಲ್ಲಿ ಒಬ್ಬನನ್ನು ಮನೆಗೆ ಕಳಿಸಿದ ಹಾಗೆ. ಒತ್ತಡಕ್ಕೆ ಒಂದು ಗಿಗಾಪಾಸ್ಕಲ್‌ಗೆ ಎರಡು ಮೂರು ಶೇಕಡಾ ಏರುತ್ತದೆ. ಹೆಚ್ಚು ಒತ್ತಡದ ಪ್ರಯೋಗಗಳಿಗೆ ಹೆಸರಾದ ಬ್ರಿಜ್‌ಮನ್ ನೂರು ವರ್ಷಕ್ಕೂ ಹಿಂದೆಯೇ ಸ್ಥಿರ ಒತ್ತಡಕ್ಕೆ ಇದನ್ನು ಬಳಸಿದ್ದರು, 1960ರ ದಶಕದಲ್ಲಿ ಶಾಕ್‌ಗೂ ಬಂತು. 57 ಡಿಗ್ರಿ ಬಗ್ಗೆ ನನಗೆ ಅನುಮಾನ, ಮಲ್ಪೆಯವರು ಹೇಳಲಿ.

ಮಲ್ಪೆ_ಗಾಳಿ

57 ತಪ್ಪು. ನೀವು ಏರಿಸುವವನನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಿ, ಇಳಿಸುವವನನ್ನು ಬಿಟ್ಟಿರಿ. ತಾಮ್ರಕ್ಕೆ ಕಡಿಮೆ ಒತ್ತಡದಲ್ಲಿ ಗಿಗಾಪಾಸ್ಕಲ್‌ಗೆ ಸುಮಾರು 2 ಶೇಕಡಾ ಇಳಿಯುತ್ತದೆ. ಅದನ್ನೇ 48ರಿಂದ ಗುಣಿಸಬೇಡಿ ಮತ್ತೆ, 96 ಶೇಕಡಾ ಇಳಿದು ತಾಮ್ರ ಸೂಪರ್‌ಕಂಡಕ್ಟರ್ ಆಗಿಬಿಡುತ್ತದೆ! ಒತ್ತಿದಷ್ಟೂ ಲೋಹ ಗಟ್ಟಿಯಾಗುತ್ತದೆ, ಇಳಿಯುವ ವೇಗ ಕುಂದುತ್ತದೆ. ಅಂದಾಜಿಗೆ ಒಂದು ದಾರಿ ಇದೆ. ರೆಸಿಸ್ಟಿವಿಟಿ ತಾಪಕ್ಕೆ ನೇರವಾಗಿ, ಡಿಬೈ ತಾಪದ (ಲ್ಯಾಟಿಸ್ ಎಷ್ಟು ಗಟ್ಟಿ ಅಂತ ಹೇಳುವ ಅಂಕಿ) ವರ್ಗಕ್ಕೆ ತಿರುಗುಮುರುಗಾಗಿ ಹೋಗುತ್ತದೆ. ತಾಮ್ರದ ಗ್ರೂನೈಸನ್ ಸಂಖ್ಯೆ (ಒತ್ತಿದಾಗ ಡಿಬೈ ತಾಪ ಎಷ್ಟು ಏರುತ್ತದೆ ಅಂತ ಹೇಳುವುದು) 2 ಅಂತ ಹಿಡಿದು ಲೆಕ್ಕ ಮಾಡಿದರೆ ಈ ಒತ್ತಡದಲ್ಲಿ ಡಿಬೈ ತಾಪ 1.45 ಪಟ್ಟು ಆಗುತ್ತದೆ, ಅಂದರೆ ತಾಪ ಏರದಿದ್ದರೆ ರೆಸಿಸ್ಟಿವಿಟಿ ಅರ್ಧಕ್ಕೂ ಸ್ವಲ್ಪ ಕೆಳಗೆ, 0.48. ಈಗ 1.22ನ್ನು 0.48ರಿಂದ ಭಾಗಿಸಿ. 2.5 ಪಟ್ಟು. ರೂಮಿನ ತಾಪ 300 ಕೆಲ್ವಿನ್ ಅಂತ ಹಿಡಿದರೆ 750 ಕೆಲ್ವಿನ್ ಹತ್ತಿರ. ನಿಮ್ಮ 57 ಡಿಗ್ರಿ ಎಲ್ಲಿ, ಇದು ಎಲ್ಲಿ! ಇದೂ ಮೇಲಿನ ಮಿತಿ ಮಾತ್ರ, ದೋಷಗಳ ಪಾಲನ್ನು ಇನ್ನೂ ಕಳೆದಿಲ್ಲ. ಜೊತೆಗೆ ಈ ಸೂತ್ರ ಇಳಿಕೆಯನ್ನು ಸ್ವಲ್ಪ ಉಬ್ಬಿಸುತ್ತದೆ. ಶುರುವಿನಲ್ಲೇ ಗಿಗಾಪಾಸ್ಕಲ್‌ಗೆ 2ರ ಬದಲು 3ರ ಹತ್ತಿರ ಕೊಡುತ್ತದೆ. ಹಾಗಾಗಿ ನಿಜವಾದ ತಾಪ ಇನ್ನೂ ಕೆಳಗೇ ಇರಬೇಕು.

ಈಗ ಬೆಳಕು. ಎರಡೂ ಒಂದೇ ಉತ್ತರ ಕೊಡಬೇಕಲ್ವಾ ಅಂದಿರಿ. ಕೊಡಬೇಕಾಗಿಲ್ಲ, ಯಾಕೆಂದರೆ ಎರಡೂ ನೋಡುವುದು ಒಂದೇ ತಾಮ್ರವನ್ನಲ್ಲ. ಕರೆಂಟ್ 20 ಮೈಕ್ರಾನ್ ದಪ್ಪದ ಮೈಯಲ್ಲೆಲ್ಲಾ ಹರಿಯುತ್ತದೆ. ಬೆಳಕು ಲೋಹದೊಳಗೆ ಹತ್ತಿಪ್ಪತ್ತು ನ್ಯಾನೋಮೀಟರ್ ಇಳಿದು ವಾಪಸ್ ಬರುತ್ತದೆ. ದೋಸೆಯ ಮೇಲೆ ಹಚ್ಚಿದ ತುಪ್ಪ ನೋಡಿ ಹಿಟ್ಟಿನ ಹುಳಿ ಹೇಳುವ ಹಾಗೆ.

ಅದಕ್ಕೂ ದೊಡ್ಡ ತೊಂದರೆ ವಿಂಡೋ. ಶಾಕ್ ಲೋಹದ ತುದಿಗೆ ಬಂದಾಗ ಆಚೆ ಬರೀ ಗಾಳಿ ಇದ್ದರೆ ಒತ್ತಡ ಸೊನ್ನೆಗೆ ಬಿದ್ದುಹೋಗುತ್ತದೆ. ಅದಕ್ಕೆ ಪಾರದರ್ಶಕ ಹರಳು ಇಡುತ್ತಾರೆ, ಸಾಮಾನ್ಯವಾಗಿ ಲಿಥಿಯಂ ಫ್ಲೋರೈಡ್. ಅಲ್ಯೂಮಿನಿಯಂಗೆ ಅದು ಚೆನ್ನಾಗಿ ಹೊಂದುತ್ತದೆ. ತಾಮ್ರಕ್ಕೆ ಇಲ್ಲ. ಅದು ಹಗುರ, ತಾಮ್ರ ಅದನ್ನು ತಳ್ಳಿಕೊಂಡು ಹೋಗುತ್ತದೆ. ನಿಮ್ಮ ಶಾಟ್‌ಗೆ ನಾನು ಈಗಷ್ಟೇ ಲೆಕ್ಕ ಮಾಡಿದೆ. ತಾಮ್ರದೊಳಗೆ 48.5 ಇದ್ದದ್ದು ವಿಂಡೋ ಮುಟ್ಟಿದ ಕೂಡಲೇ 26ಕ್ಕೆ ಇಳಿಯುತ್ತದೆ. ಲೇಸರ್ ನೋಡುವುದು ಆ 26ರ ತಾಮ್ರವನ್ನು. ನೀಲಮಣಿ ಇಟ್ಟರೆ ಒತ್ತಡ ಉಳಿಯುತ್ತದೆ, ಆದರೆ ಅದು ತನ್ನ ಎಲಾಸ್ಟಿಕ್ ಮಿತಿ (ಒತ್ತಿ ಬಿಟ್ಟರೆ ಮೊದಲಿನ ಆಕಾರಕ್ಕೆ ಮರಳುವ ಮಿತಿ) ದಾಟಿದರೆ ತಾನೇ ಅಲ್ಲಲ್ಲಿ ಮಿನುಗಲು ಶುರು ಮಾಡುತ್ತದೆ.

ಇನ್ನು ಡ್ರೂಡ್. ರೂಮಿನ ತಾಪದಲ್ಲಿ ತಾಮ್ರದ ಎಲೆಕ್ಟ್ರಾನ್ ಒಮ್ಮೆ ಎಡವಲು ಸುಮಾರು 25 ಫೆಮ್ಟೋಸೆಕೆಂಡ್ ಬೇಕು. ಹಸಿರು ಲೇಸರ್‌ನ 532 ನ್ಯಾನೋಮೀಟರ್ ಬೆಳಕು ಒಂದು ಸಲ ತೂಗಿ ಮುಗಿಯಲು 2 ಫೆಮ್ಟೋಸೆಕೆಂಡೂ ಬೇಡ. ಎಲೆಕ್ಟ್ರಾನ್ ಎಡವುವ ಮೊದಲೇ ಬೆಳಕು ಹತ್ತು ಸಲಕ್ಕಿಂತ ಜಾಸ್ತಿ ಆ ಕಡೆ ಈ ಕಡೆ ಎಳೆದು ಬಿಟ್ಟಿರುತ್ತದೆ. ಮೇಲಾಗಿ ತಾಮ್ರ ಕೆಂಪಗಿರುವುದು ಯಾಕೆ? ಹಸಿರು, ನೀಲಿ ಬೆಳಕನ್ನು ಅದರ ಡಿ ಬ್ಯಾಂಡ್ (ಕೆಳಗಿನ ಶಕ್ತಿಮಟ್ಟದ) ಎಲೆಕ್ಟ್ರಾನ್‌ಗಳು ನುಂಗುತ್ತವೆ. ಡ್ರೂಡ್ ಸೂತ್ರಕ್ಕೆ ಆ ನುಂಗುವಿಕೆ ಗೊತ್ತೇ ಇಲ್ಲ. ಒತ್ತಿದಾಗ ಆ ಬ್ಯಾಂಡ್‌ನ ಅಂಚೂ ಸರಿಯುತ್ತದೆ. ಹಾಗಾಗಿ 532ರಲ್ಲಿ ರಿಫ್ಲೆಕ್ಟಿವಿಟಿ ಬದಲಾದರೆ ಅದು ಕಂಡಕ್ಟಿವಿಟಿ ಬದಲಾದದ್ದು ಅಂತ ಹೇಳಲಾಗದು, ಬಣ್ಣ ಬದಲಾದದ್ದೂ ಆಗಿರಬಹುದು. ಇನ್‌ಫ್ರಾರೆಡ್ ಕಡೆ ಹೋದಷ್ಟೂ ಡ್ರೂಡ್ ಸ್ವಲ್ಪ ಮರ್ಯಾದೆ ಉಳಿಸಿಕೊಳ್ಳುತ್ತದೆ.

ಹಾಗಾದರೆ ಬೆಳಕು ಯಾಕೆ ಬೇಕು? ತಾಪಕ್ಕೆ. ಲೋಹ ಎಷ್ಟು ಬೆಳಗುತ್ತದೆ ಅಂತ ನೋಡಿದರೆ ತಾಪ ಸಿಗುತ್ತದೆ, ಆದರೆ ಅದಕ್ಕೆ ಎಮಿಸಿವಿಟಿ (ಮೇಲ್ಮೈ ಎಷ್ಟು ಚೆನ್ನಾಗಿ ಬೆಳಕು ಹೊರಬಿಡುತ್ತದೆ ಅನ್ನುವ ಅಂಕಿ) ಗೊತ್ತಿರಬೇಕು. ಒಂದರಿಂದ ರಿಫ್ಲೆಕ್ಟಿವಿಟಿ ಕಳೆದರೆ ಎಮಿಸಿವಿಟಿ. ರಿಫ್ಲೆಕ್ಟಿವಿಟಿ 0.9ರಿಂದ 0.8ಕ್ಕೆ ಇಳಿದರೆ ಕನ್ನಡಿ ಸ್ವಲ್ಪ ಮಬ್ಬಾಯಿತು ಅಂತ ಅನಿಸುತ್ತದೆ, ಆದರೆ ಎಮಿಸಿವಿಟಿ ಎರಡು ಪಟ್ಟಾಯಿತು. ಇಲ್ಲಿ ಸಣ್ಣ ತರಂಗದೂರ ಕಾಪಾಡುತ್ತದೆ. 3000 ಕೆಲ್ವಿನ್‌ನಲ್ಲಿ 500 ನ್ಯಾನೋಮೀಟರ್ ಹತ್ತಿರ ನೋಡಿದರೆ ಎಮಿಸಿವಿಟಿಯಲ್ಲಿ 10 ಶೇಕಡಾ ತಪ್ಪಿದರೂ ತಾಪದಲ್ಲಿ ತಪ್ಪು 1 ಶೇಕಡಾ ಮಾತ್ರ. 1500 ನ್ಯಾನೋಮೀಟರ್‌ನಲ್ಲಿ ನೋಡಿದರೆ 3 ಶೇಕಡಾ. ಆದರೆ ನಿಮ್ಮ ತಾಮ್ರ 750 ಕೆಲ್ವಿನ್ ಒಳಗೇ ಇದೆಯಲ್ಲ, ಕಣ್ಣಿಗೆ ಕಾಣುವ ಬೆಳಕೇ ಬರುವುದಿಲ್ಲ. ಇನ್‌ಫ್ರಾರೆಡ್‌ಗೇ ಹೋಗಬೇಕು, ಅಲ್ಲಿ ಎಮಿಸಿವಿಟಿ ಕಾಟ ಜಾಸ್ತಿ. ತಪ್ಪಿಸಿಕೊಳ್ಳಲು ದಾರಿ ಇಲ್ಲ.

ಇಂಥದ್ದೇ ಒಂದು ಶಾಟ್‌ನಲ್ಲಿ ನಮಗೆ ಜೋರಾಗಿ ಮಿಂಚು ಕಾಣಿಸಿತ್ತು. ಎಲ್ಲರಿಗೂ ಖುಷಿ, ತಾಪ ಎರಡು ಸಾವಿರ ದಾಟಿದೆ ಅಂತ. ನಾನೇ ಕಟ್ಟಿದ ಟಾರ್ಗೆಟ್. ಹಿಂದಿನ ದಿನ ತೆಗೆದ ಫೋಟೋ ದೊಡ್ಡದು ಮಾಡಿ ನೋಡಿದೆ. ತಾಮ್ರಕ್ಕೂ ವಿಂಡೋಗೂ ನಡುವೆ ಎಪಾಕ್ಸಿ ಅಂಟಿನಲ್ಲಿ ಎಳ್ಳಿಗಿಂತ ಸಣ್ಣ ಒಂದು ಗುಳ್ಳೆ. ಅದರಲ್ಲಿ ಸಿಕ್ಕಿಬಿದ್ದ ಗಾಳಿ ಶಾಕ್‌ಗೆ ಹಿಂಡಿ ಹೊತ್ತಿಕೊಂಡಿತ್ತು. ನಾವು ಅಳೆದದ್ದು ಗಾಳಿಯ ತಾಪ. ತಂಪಾದ ತಾಮ್ರ ಹೊಳೆದರೆ ಮೊದಲು ಅಂಟನ್ನು ಅನುಮಾನಿಸಿ.

ಕಪ್ಪುಕಲ್ಲು_ಉಡುಪಿ

ನಾನು ಭೂವಿಜ್ಞಾನದವ, ಸ್ವಲ್ಪ ಮಧ್ಯೆ ಬಾಯಿ ಹಾಕುತ್ತೇನೆ. ಈ 22 ಶೇಕಡಾ, 48 ಶೇಕಡಾ ಅಂತ ಜಗಳ ಯಾಕೆ ಅಂತ ಅನಿಸಬಹುದು. ತಾಮ್ರದ ಜಾಗದಲ್ಲಿ ಕಬ್ಬಿಣ ಇಡಿ. 1956ರಲ್ಲಿ ಬ್ಯಾಂಕ್ರಾಫ್ಟ್, ಪೀಟರ್ಸನ್, ಮಿನ್‌ಶಲ್ ಶಾಕ್‌ನಿಂದಲೇ ಕಬ್ಬಿಣ 13 ಗಿಗಾಪಾಸ್ಕಲ್‌ನಲ್ಲಿ ಬೇರೆ ರೂಪಕ್ಕೆ ಹೋಗುವುದನ್ನು ಕಂಡುಹಿಡಿದರು. ಭೂಮಿಯ ಹೊರ ತಿರುಳು ಶುರುವಾಗುವಲ್ಲಿ ಒತ್ತಡ 136 ಗಿಗಾಪಾಸ್ಕಲ್. ಅಲ್ಲಿ ಕಬ್ಬಿಣದ ರೆಸಿಸ್ಟಿವಿಟಿ ಗೊತ್ತಾದರೆ ವೀಡೆಮನ್ ಫ್ರಾಂಜ್ ನಿಯಮದಿಂದ (ಕರೆಂಟ್ ಚೆನ್ನಾಗಿ ಹರಿಸುವ ಲೋಹ ಶಾಖವನ್ನೂ ಚೆನ್ನಾಗಿ ಹರಿಸುತ್ತದೆ ಅನ್ನುವುದು) ಶಾಖ ಎಷ್ಟು ಬೇಗ ಹರಿಯುತ್ತದೆ ಅಂತ ಹೇಳಬಹುದು. ಅದು ಜಾಸ್ತಿ ಇದ್ದರೆ ಭೂಮಿಯ ಕಾಂತಕ್ಷೇತ್ರ ಇಷ್ಟು ಕಾಲ ನಡೆದದ್ದು ಹೇಗೆ ಅನ್ನುವುದೇ ತಲೆನೋವು. 2016ರಲ್ಲಿ ನೇಚರ್‌ನ ಒಂದೇ ಸಂಚಿಕೆಯಲ್ಲಿ ವಜ್ರದ ಅಂವಿಲ್‌ನಲ್ಲಿ (ಎರಡು ವಜ್ರಗಳ ನಡುವೆ ಒತ್ತುವ ಉಪಕರಣ) ಅಳೆದ ಎರಡು ಲೇಖನ ಬಂದವು. ಒಂದು ರೆಸಿಸ್ಟಿವಿಟಿ ಅಳೆದು ಶಾಖ ವಾಹಕತೆ ಜಾಸ್ತಿ ಅಂದಿತು, ಇನ್ನೊಂದು ಶಾಖವನ್ನೇ ನೇರ ಅಳೆದು ಕಡಿಮೆ ಅಂದಿತು. ನಿಮ್ಮ ಸರ್ ಕೊಟ್ಟ ಲೆಕ್ಕ ಸಣ್ಣದೇನಲ್ಲ.

ಗೋಳಿಬಜೆ_99

ಇದನ್ನೆಲ್ಲ ಮಾಡುವ ಗನ್ ನಮ್ಮ ಕಡೆ ಯಾರಾದರೂ ಕಟ್ಟಬಹುದಾ? ಬೆಂಗಳೂರಿನ ಐಐಎಸ್ಸಿಯಲ್ಲಿ ಕೈಯಿಂದ ನೂಕುವ ರೆಡ್ಡಿ ಟ್ಯೂಬ್ ಅಂತ ಕೇಳಿದ್ದೆ.

ಮಲ್ಪೆ_ಗಾಳಿ

ರೆಡ್ಡಿ ಟ್ಯೂಬ್ ಬಹಳ ಜಾಣ ಉಪಕರಣ, ಕಾಲೇಜಿಗೆ ಒಂದಿದ್ದರೆ ಚಂದ. ಆದರೆ ಅದು ಗಾಳಿಯಲ್ಲಿ ಶಾಕ್ ಮಾಡುವುದಕ್ಕೆ. ತಾಮ್ರ ಒತ್ತಲು ಅದು ಸಾಲದು. ಅದಕ್ಕೆ ಗ್ಯಾಸ್ ಗನ್ ಬೇಕು, ಅದು ಟ್ರಾಂಬೆಯ ಬಿಎಆರ್‌ಸಿಯಂಥ (ಭಾಭಾ ಅಣು ಸಂಶೋಧನಾ ಕೇಂದ್ರ) ಕಡೆ ಮಾಡುವ ಕೆಲಸ. ಮನೆಯಲ್ಲಿ ಪ್ರಯತ್ನ ಬೇಡ ದಯವಿಟ್ಟು.

ಕುಡ್ಲದ_ಪಿಜಿ

ಸರ್‌ಗೆ ತೋರಿಸಿದೆ. ದಪ್ಪ ಇಳಿದ 1.226 ಬೇರೆ, ರೆಸಿಸ್ಟಿವಿಟಿ ಏರಿದ 1.22 ಬೇರೆ ಅಂತ ಬರೆದದ್ದು ನೋಡಿ ತಲೆಯಾಡಿಸಿದರು. ತಾಪಕ್ಕೆ '750 ಕೆಲ್ವಿನ್‌ಗಿಂತ ಕೆಳಗೆ, ದೋಷಗಳ ಪಾಲು ಗೊತ್ತಿಲ್ಲ' ಅಂತ ಬರೆದಿದ್ದೆ. ಆಮೇಲೆ ಕೇಳಿದರು, ಇನ್ಸುಲೇಟರ್ ಶಾಕ್‌ನಲ್ಲಿ ಇನ್ಸುಲೇಟರ್ ಆಗಿಯೇ ಉಳಿಯುತ್ತದೆ ಅಂತ ನಿನಗೆ ಯಾರು ಹೇಳಿದ್ದು ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಸೋಲ್ಡರ್_ಮಾಮ

ಹ್ಹ, ಒಳ್ಳೆ ಸರ್. ಒತ್ತಡ ತುಂಬಾ ಜಾಸ್ತಿಯಾದರೆ ಪ್ಲಾಸ್ಟಿಕ್ಕೂ ಕರೆಂಟ್ ಬಿಡಲು ಶುರು ಮಾಡುತ್ತದೆ. ಆದರೆ ನಿಮ್ಮ ಕೇಸಲ್ಲಿ ಫಾಯಿಲ್ ಬರೀ ಕೆಲವು ಮಿಲಿಓಮ್, ಅದರ ಪಕ್ಕ ಇನ್ಸುಲೇಟರ್ 1 ಓಮ್‌ಗೆ ಇಳಿದರೂ ತಪ್ಪು 1 ಶೇಕಡಾ ಹತ್ತಿರ. ಲೋಹದ ಫಾಯಿಲ್‌ಗೆ ಅದೊಂದು ಲಾಭ. ಅರೆವಾಹಕ ಅಳೆಯುವವರಿಗೆ ಮಾತ್ರ ಇದು ನಿದ್ದೆಗೆಡಿಸುವ ವಿಷಯ. ಖಾತ್ರಿ ಬೇಕಾದರೆ ಫಾಯಿಲ್ ಜಾಗದಲ್ಲಿ ನಡುವೆ ಕತ್ತರಿಸಿದ ಫಾಯಿಲ್ ಇಟ್ಟು ಒಂದು ಶಾಟ್ ಹೊಡೆಯಬೇಕು. ಆಗಲೂ ಕರೆಂಟ್ ಹರಿದರೆ ಅದು ಇನ್ಸುಲೇಟರ್‌ನದ್ದು. ಫ್ರಿಡ್ಜ್ ಆಫ್ ಮಾಡಿ ಹೊಡೆಯಲು ಹೇಳಿ.